ಅತ್ತೆಗೆ ಬಂದ ಸಕ್ಕರೆ ಕಾಯಿಲೆ

ನಾಗಸಂದ್ರ
ಜೂನ್ 9, 2024

ಆಶಕ್ಕ,

ಐರ್ಲೆಂಡಿಗೆ ಹೊರಡುವ ಮುಂಚೆ ಮಕ್ಕಳ ವಾರ್ಡಿನ ಬಾಗಿಲಲ್ಲಿ ನಿಂತು ನೀವು, "ಗಂಗಾ, ಫೋನಲ್ಲಿ ನೀನು ಬರೀ ಅಳ್ತೀಯ. ಇಮೇಲ್ ಬರಿ, ಬರೆಯೋವಾಗ ತಲೆ ನೆಟ್ಟಗಿರುತ್ತೆ" ಅಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೂ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಪಿಸುಗುಟ್ಟಿದರೂ ಎಲ್ಲರಿಗೂ ಕೇಳುತ್ತದೆ.

ಭುವಿ ಚೆನ್ನಾಗಿದ್ದಾಳೆ. ಹಾಗೆಂದು ಬರೆದ ಕೂಡಲೇ ಎದ್ದು ಹೋಗಿ ಅವಳ ಹಣೆ ಮುಟ್ಟಿ ಬಂದೆ. ಏಳು ವರ್ಷದ ಮಗಳು ಕಣ್ಣು ಮುಚ್ಚಿದ್ದರೆ ಅದು ನಿದ್ದೆಯೋ, ಸಕ್ಕರೆ ಇಳಿದು ಎಚ್ಚರ ತಪ್ಪಿದ್ದೋ ಎಂದು ತಿಳಿಯದೆ ನಾನು ನಿದ್ದೆ ಮಾಡುವುದನ್ನೇ ಮರೆತಿದ್ದೇನೆ. ಬಿ.ಎಸ್ಸಿ. ಓದುವಾಗ ಮೇದೋಜೀರಕ ಗ್ರಂಥಿಯ ಚಿತ್ರ ಎಷ್ಟು ಚೆಂದ ಬರೆಯುತ್ತಿದ್ದೆ ಗೊತ್ತೇ? ಅದೇ ಗ್ರಂಥಿ ಮಗಳ ಹೊಟ್ಟೆಯಲ್ಲಿ ಕೈಕೊಟ್ಟಾಗ ಆ ಚಿತ್ರದಿಂದ ಮೂರು ಕಾಸಿನ ಉಪಯೋಗವಾಗಲಿಲ್ಲ.

ನಿಮ್ಮ ಕುರ್ಚಿಯಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ. ಡಾಕ್ಟರು ಒಳ್ಳೆಯವರೇ. ಆದರೆ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಇರುತ್ತದೆ. ಅಂಕಿ ನೋಡುತ್ತಾರೆ, ಚೀಟಿ ಬರೆಯುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಏನು ತಿಂದಳು, ತೊಡೆಗೆ ಚುಚ್ಚಿದೆಯಾ ಹೊಟ್ಟೆಗಾ, ಅತ್ತಳಾ, ನೀನು ಊಟ ಮಾಡಿದೆಯಾ ಎಂದು ಕೇಳುತ್ತಿದ್ದವರು ನೀವೊಬ್ಬರೇ.

ಇಲ್ಲಿ ಒಂದು ತಮಾಷೆ ನಡೆದಿದೆ. ಕಸದ ಚೀಲದಲ್ಲಿ ಸಿರಿಂಜು ಕಂಡು ಮನೆ ಓನರ್ ಪಿಳ್ಳಮ್ಮ, "ಯಾರ್ಗಮ್ಮಿ ಸೂಜಿ?" ಅಂತ ಮೇಲೆ ಬಂದರು. ನಮ್ಮ ಯಜಮಾನರ ಮುಖ ಸಪ್ಪಗಾಯಿತು. ನಮ್ಮ ಅತ್ತೆ ಚನ್ನಕ್ಕ ಮಾತ್ರ ಕೂತಲ್ಲಿಂದಲೇ, "ನಂಗರೀ. ಸಕ್ಕರಿ ಬ್ಯಾನಿ" ಅಂದುಬಿಟ್ಟರು! ಆಮೇಲೆ ನಮಗೆ ಹೇಳಿದ್ದು: "ಹೆಣ್ಣುಕೂಸು. ಇವತ್ತು ಹೇಳಿದ್ರ ನಾಳೆ ಲಗ್ನದ ಹೊತ್ತಿಗೆ ಊರೆಲ್ಲ ಆಡಿಕೊಂತೈತಿ. ನಂಗೇ ಐತಿ ಅಂದ್ರ ಏನಾತು, ನಂಗೇನ್ ಗಂಡ ಹುಡುಕೂದೈತೇನ?" ಈಗ ಪಿಳ್ಳಮ್ಮ ಅತ್ತೆಗೆ ಸಕ್ಕರೆ ಇಲ್ಲದ ಕಾಫಿ ಕೊಡುತ್ತಾರೆ. ಅತ್ತೆ ಮುಖ ಕಿವುಚಿಕೊಂಡು ಕುಡಿದು ಬರುತ್ತಾರೆ. ಶಾಲೆಯಲ್ಲೂ ನಾವು ಏನೂ ಹೇಳಿಲ್ಲ.

ಔಷಧಿ ಫ್ರಿಜ್ಜಿನಲ್ಲಿ ಭದ್ರವಾಗಿದೆ. ಅದರ ಚಿಂತೆ ಬೇಡ.

ಗಂಗಾ


ಲಿಮರಿಕ್
ಜೂನ್ 16, 2024

ಗಂಗಾ,

ನಿಮ್ಮ ಅತ್ತೆಗೆ ನನ್ನ ಕಡೆಯಿಂದ ಒಂದು ಸಲ್ಯೂಟ್. ಆದರೆ ಶಾಲೆಯಲ್ಲಿ ಹೇಳು ಕಣೇ. ಸಕ್ಕರೆ ಇಳಿದು ಮಗು ತರಗತಿಯಲ್ಲಿ ಬಿದ್ದರೆ ಟೀಚರ್ ಮುಖಕ್ಕೆ ನೀರು ಚಿಮುಕಿಸ್ತಾ ಕೂರ್ತಾರೆ.

ಇಲ್ಲಿಯ ಪದ್ಧತಿ ನೋಡಿದರೆ ನಿನಗೆ ಆಶ್ಚರ್ಯವಾಗುತ್ತದೆ. ವಾಸಿಯಾಗದ, ಜೀವನಪೂರ್ತಿ ಜೊತೆಗಿರುವ ಕಾಯಿಲೆಗಳನ್ನು ಹೆಚ್ಚಾಗಿ ನೋಡಿಕೊಳ್ಳುವವರು ನರ್ಸ್‌ಗಳೇ. ಸಕ್ಕರೆಗೆ ಒಬ್ಬರು, ಉಬ್ಬಸಕ್ಕೆ ಒಬ್ಬರು, ಹೃದಯಕ್ಕೆ ಒಬ್ಬರು. ಮನೆಗೇ ಹೋಗಿ ಅಡುಗೆಮನೆಯಲ್ಲಿ ಕೂತು ಟೀ ಕುಡಿದು, ಕಪಾಟು ತೆರೆಸಿ ನೋಡಿ, ಆಮೇಲೆ ಮಾತು ಶುರುಮಾಡುತ್ತಾರೆ. ನಮ್ಮಲ್ಲಿ ನಾನು ಹಾಸಿಗೆ ಬಟ್ಟೆ ಬದಲಿಸಿ, ಗ್ಲೂಕೋಸ್ ಬಾಟಲಿ ತೂಗುಹಾಕಿ, ಉಳಿದ ಹೊತ್ತಿನಲ್ಲಿ ನಿಮ್ಮಂಥವರಿಗೆ ಕಲಿಸುತ್ತಿದ್ದೆ. ಇಲ್ಲಿ ಅದೇ ಒಂದು ಕೆಲಸ.

ನನ್ನ ಜೊತೆ ಕೇರಳದವರಿದ್ದಾರೆ, ಫಿಲಿಪೀನ್ಸಿನವರು, ಜಿಂಬಾಬ್ವೆಯವರು. ಊಟದ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಆಸ್ಪತ್ರೆಯ ಕಥೆ ಹೇಳುತ್ತಾರೆ. ನಮ್ಮ ಜಾಗಕ್ಕೆ ಯಾರು ಬಂದರು ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ನೀನು ಏನೇ ಇದ್ದರೂ ಬರಿ. ನಿನ್ನ ಪ್ರಶ್ನೆಗಳಿಗೆ ಉತ್ತರ ಹೇಳುವುದೆಂದರೆ ನನಗೆ ಖುಷಿ. ಮಲಗು ಸ್ವಲ್ಪ.

ಆಶಾರಾಣಿ


ನಾಗಸಂದ್ರ
ಜುಲೈ 21, 2024

ಆಶಕ್ಕ,

ಅತ್ತೆಯ ಅಣ್ಣ ತೀರಿಕೊಂಡರೆಂದು ಸಿಂದಗಿ ಕಡೆ ಹೋಗಿದ್ದೆವು. ಕರ್ಮಗಳೆಲ್ಲ ಮುಗಿಯುವವರೆಗೆ ಅಲ್ಲೇ ಇದ್ದೆವು. ಬಳಸುತ್ತಿದ್ದ ಒಂದು ಬಾಟಲಿ ಒದ್ದೆ ಬಟ್ಟೆ ಸುತ್ತಿ ಒಯ್ದಿದ್ದೆ. ಆಸ್ಪತ್ರೆಯಲ್ಲಿ ಹೊಸದಾಗಿ ಕೊಟ್ಟ ಬಾಟಲಿಗಳನ್ನು ಇಲ್ಲೇ ಬಿಟ್ಟಿದ್ದೆ. ಅಲ್ಲಿದ್ದಷ್ಟು ದಿನ, ಸಾವಿನ ಮನೆಯ ಊಟದಲ್ಲೂ, ಅವಳ ಸಕ್ಕರೆ ಹದವಾಗಿತ್ತು.

ಬಂದಮೇಲೆ ಏರುತ್ತಿದೆ. ಮೊದಲು ಇನ್ನೂರೈವತ್ತು. ಆಮೇಲೆ ಮುನ್ನೂರು. ಹೊತ್ತಿಗೆ ಸರಿಯಾಗಿ ಚುಚ್ಚುತ್ತೇನೆ, ಹೊತ್ತಿಗೆ ಸರಿಯಾಗಿ ಬಡಿಸುತ್ತೇನೆ. ಮುದ್ದೆ, ರೊಟ್ಟಿ, ಸೊಪ್ಪು. ಏನೂ ಬದಲಾಗಿಲ್ಲ. ಪದೇ ಪದೇ ಮೂತ್ರಕ್ಕೆ ಏಳುತ್ತಾಳೆ, ಬಿಂದಿಗೆಯ ಮುಂದೆ ನಿಂತು ಲೋಟದ ಮೇಲೆ ಲೋಟ ನೀರು ಕುಡಿಯುತ್ತಾಳೆ.

ಇವರು ಪೀಣ್ಯದ ಫ್ಯಾಕ್ಟರಿಯ ಮಿಲ್ಲಿಂಗ್ ಶಾಪಿನಲ್ಲಿ ಎರಡು ಪಾಳಿ ಸೇರಿಸಿ ಮಾಡುತ್ತಿದ್ದಾರೆ. ಬಂದವರೇ "ಎಷ್ಟೈತಿ?" ಅಂತ ಕೇಳುತ್ತಾರೆ. ನಾನು ಒಮ್ಮೊಮ್ಮೆ ಕಮ್ಮಿ ಮಾಡಿ ಹೇಳುತ್ತೇನೆ. ಗುರುವಾರ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ರಜೆ, ಮುಂದಿನ ವಾರ ಬನ್ನಿ ಅಂದರು. ನಾನೇನಾದರೂ ತಪ್ಪು ಮಾಡುತ್ತಿದ್ದೇನಾ? ನೀವೇ ಹೇಳಬೇಕು. ನೀವು ಹೇಳಿದಂತೆ ಮಾಡುತ್ತೇನೆ.

ಗಂಗಾ


ಲಿಮರಿಕ್
ಜುಲೈ 25, 2024

ಗಂಗಾ,

ಗಾಬರಿಯಾಗಬೇಡ. ನಾನು ಇಂಥ ಎಷ್ಟು ಮಕ್ಕಳನ್ನು ನೋಡಿದ್ದೇನೋ. ಔಷಧಿ ಸರಿಯಾಗಿ ಹೋಗುತ್ತಿದೆ, ಮನೆ ಊಟ ಸರಿಯಾಗಿದೆ, ಆದರೂ ಸಕ್ಕರೆ ಏರುತ್ತಿದೆ ಎಂದರೆ ನೂರಕ್ಕೆ ತೊಂಬತ್ತು ಸಲ ಮಗು ಕದ್ದು ತಿನ್ನುತ್ತಿರುತ್ತದೆ. ಪಾಪ, ಅವರ ತಪ್ಪಲ್ಲ. ಸುತ್ತ ಎಲ್ಲರೂ ತಿನ್ನುತ್ತಿರುತ್ತಾರೆ. ಶಾಲೆಯಲ್ಲಿ ಗೆಳತಿಯರ ಡಬ್ಬಿ, ಹುಟ್ಟುಹಬ್ಬದ ಚಾಕಲೇಟು. ಕೆಳಗಿನ ಪಿಳ್ಳಮ್ಮನಿಗೆ ವಿಷಯ ಗೊತ್ತಿಲ್ಲ ಅಂತ ನೀನೇ ಬರೆದಿದ್ದೀಯ, ಅಲ್ಲಿ ಏನು ಕೊಡುತ್ತಾರೋ ವಿಚಾರಿಸು. ಚೀಲ, ಜೇಬು ನೋಡು. ಸ್ವಲ್ಪ ಬಿಗಿಯಾಗಿರು. ಮುದ್ದು ಜಾಸ್ತಿಯಾಗಿದೆ ಅನ್ನಿಸುತ್ತದೆ.

ಡಾಕ್ಟರು ಸಿಗುವವರೆಗೆ ಡೋಸ್ ಸ್ವಲ್ಪ ಏರಿಸಿ ನೋಡು. ಇಲ್ಲಿ ಕೆಲಸ ಬಹಳ, ಬೇಗ ಮುಗಿಸುತ್ತಿದ್ದೇನೆ.

ಆಶಾರಾಣಿ


ನಾಗಸಂದ್ರ
ಆಗಸ್ಟ್ 2, 2024

ಆಶಕ್ಕ,

ನೀವು ಹೇಳಿದ್ದೇ ನಿಜವಾಯಿತು. ಯೂನಿಫಾರ್ಮಿನ ಜೇಬಿನಲ್ಲಿ ಚಾಕಲೇಟ್ ಕಾಗದ ಸಿಕ್ಕಿತು. ಒಂದಲ್ಲ, ಮಡಿಸಿ ಮಡಿಸಿ ಇಟ್ಟ ಒಂದು ಹಿಡಿ. ಬಂಗಾರದ ಬಣ್ಣದವು, ನೇರಳೆ ಬಣ್ಣದವು.

"ಏನಿದು?" ಅಂದೆ.

"ಗೊಂಬಿಗೆ ಸೀರಿ ಮಾಡಾಕವ್ವ. ಎಲ್ಲಾರೂ ತಿಂದು ಒಗದದ್ದು."

"ಸುಳ್ಳು."

"ನಾ ತಿಂದಿಲ್ಲವ್ವ."

ಹೊಡೆದೆ. ವಾರ ಕಳೆದರೂ ಅಂಗೈ ಉರಿದಂತಾಗುತ್ತದೆ. ಅತ್ತೆ ನಡುವೆ ಬಂದರು, ಅವರನ್ನೂ ಬೈದೆ. ಸಕ್ಕರೆ ಡಬ್ಬಿ, ಬೆಲ್ಲ, ಬಾಳೆಹಣ್ಣು ಎಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. "ಇನ್ನೊಂದು ಸಲ ಸಿಹಿ ಮುಟ್ಟಿದರೆ ಕೈ ಸುಡ್ತೀನಿ" ಅಂದೆ. ಬಿಗಿಯಾಗಿರು ಅಂದಿದ್ದಿರಲ್ಲ.

ಆದರೆ ಇಡೀ ವಾರ ನನ್ನ ಕಣ್ಣೆದುರೇ ಇದ್ದಾಳೆ, ಶಾಲೆಗೂ ಕಳಿಸಿಲ್ಲ. ಆದರೂ ಇವತ್ತು ನಾನೂರು ದಾಟಿದೆ. ಡೋಸ್ ಎರಡು ಸಲ ಏರಿಸಿದೆ. ಡಾಕ್ಟರು ಇನ್ನೂ ರಜೆಯಿಂದ ಬಂದಿಲ್ಲ, ಮುಂದಿನ ಗುರುವಾರ ಬನ್ನಿ ಅಂದರು. ಲಂಗದ ಲಾಡಿ ಎಷ್ಟು ಬಿಗಿದರೂ ಸೊಂಟದಲ್ಲಿ ನಿಲ್ಲುತ್ತಿಲ್ಲ. ಬೆಳಿಗ್ಗೆ ಹೊಟ್ಟೆನೋವು ಅಂದಳು. ಹೊಡೆದದ್ದಕ್ಕೆ ನಾಟಕವೋ ಏನೋ. ಈ ಸಲದ ಬಾಟಲಿಗಳೂ ಒಂಥರಾ ಇವೆ. ಎಷ್ಟು ಹೊರಳಿಸಿದರೂ ಒಳಗೋಡೆಗೆ ರವೆಯ ಹಾಗೆ ಏನೋ ಅಂಟಿಕೊಳ್ಳುತ್ತದೆ. ನನ್ನ ಕಣ್ಣೇ ಸರಿಯಿಲ್ಲವೇನೋ, ನಿದ್ದೆಯಿಲ್ಲದೆ ಎಲ್ಲದರಲ್ಲೂ ಚುಕ್ಕೆ ಕಾಣುತ್ತದೆ.

ಗಂಗಾ


ಲಿಮರಿಕ್
ಆಗಸ್ಟ್ 2, 2024

ಗಂಗಾ, ಮೊದಲು ಇದನ್ನು ಓದು.

ಆ ಬಾಟಲಿಗಳನ್ನು ಬಳಸಬೇಡ. ರವೆಯಂತೆ ಗಟ್ಟಿ ಕಾಣುತ್ತಿದೆ ಎಂದರೆ ಅದು ಎಲ್ಲೋ ಹೆಪ್ಪುಗಟ್ಟಿ ಕರಗಿದೆ. ಒಮ್ಮೆ ಐಸ್ ಆದ ಇನ್ಸುಲಿನ್ ಆಮೇಲೆ ನಂಬುವಂಥದ್ದಲ್ಲ. ಎಲ್ಲಿಡುತ್ತಿದ್ದೀಯ? ಯಾರ ಫ್ರಿಜ್ಜು?

ಈಗಲೇ ಆಸ್ಪತ್ರೆಗೆ ಹೊರಡು, ಗುರುವಾರದವರೆಗೆ ಕಾಯಬೇಡ. ಹೊಟ್ಟೆನೋವು ನಾಟಕ ಅಲ್ಲ. ವಾಂತಿ ಶುರುವಾಗಿದೆಯಾ? ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬರುತ್ತಿದೆಯಾ? ತುರ್ತು ಚಿಕಿತ್ಸೆಗೆ ನೇರವಾಗಿ ಹೋಗು. ಬಾಟಲಿಯನ್ನೂ ತೆಗೆದುಕೊಂಡು ಹೋಗು.

ಆಶಾ


ಲಿಮರಿಕ್
ಆಗಸ್ಟ್ 4, 2024

ಗಂಗಾ,

ನಿನ್ನ ಫೋನ್ ಸ್ವಿಚ್ ಆಫ್. ನಿನ್ನ ಗಂಡ ಬಸಲಿಂಗ ಅವರ ನಂಬರಿಗೆ ಮಾಡಿದರೆ ಎರಡು ಸಲ ಕಟ್ ಮಾಡಿದರು, ಆಮೇಲೆ ಹೋಗುತ್ತಲೇ ಇಲ್ಲ. ವಾರ್ಡಿಗೆ ಮಾಡಿದೆ, ಯಾರೋ ಹೊಸಬರು ಎತ್ತಿ, "ಪೇಷೆಂಟ್ ಮಾಹಿತಿ ಕೊಡೋಕಾಗಲ್ಲ ಮೇಡಂ, ನೀವ್ಯಾರು?" ಅಂದರು. ನಾನ್ಯಾರು ಎಂದು ಹೇಳಲು ಆಗಲಿಲ್ಲ.

ಒಂದೇ ಒಂದು ಸಾಲು ಬರಿ. ಬೈದು ಬರೆದರೂ ಪರವಾಗಿಲ್ಲ.

ಆಶಾ


ನಾಗಸಂದ್ರ
ಆಗಸ್ಟ್ 13, 2024

ಆಶಕ್ಕ,

ಬದುಕಿದ್ದಾಳೆ. ಮನೆಗೆ ಬಂದಿದ್ದೇವೆ.

ನಿಮ್ಮ ಪತ್ರ ಬಂದದ್ದು ಫೋನಿನಲ್ಲಿ ಕಂಡಿತ್ತು. ಹೊಡೆದದ್ದಕ್ಕೆ ಬೈದು ಬರೆದಿರುತ್ತೀರೆಂದು ತೆರೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳು ವಾಂತಿ ಮಾಡಿಕೊಂಡು, ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಕರೆದರೆ ಕಣ್ಣು ತೆರೆದು ನನ್ನನ್ನು ದಾಟಿ ಗೋಡೆ ನೋಡಿದಳು. ತುಮಕೂರು ರಸ್ತೆಯಲ್ಲಿ ಆಟೋದವನು ಲಾರಿಗಳ ಸಂದಿಯಲ್ಲಿ ಹೇಗೆ ನುಗ್ಗಿಸಿದನೋ. ನೇರ ಐಸಿಯು. ಇವರು ಹೊರದೇಶದ ನಂಬರ್ ನೋಡಿ, "ಇವರೊಬ್ರು ಮೋಸದವ್ರು, ಇಂಥಾ ಹೊತ್ನ್ಯಾಗ" ಅಂತ ಬ್ಲಾಕ್ ಮಾಡಿದ್ದರು. ಅದು ನೀವೆಂದು ಆಮೇಲೆ ಗೊತ್ತಾಯಿತು.

ಅತ್ತೆ ಬಾಟಲಿಯನ್ನು ಸೆರಗಿನ ಗಂಟಿನಲ್ಲಿ ತಂದಿದ್ದರು. ಡಾಕ್ಟರು ಬೆಳಕಿಗೆ ಹಿಡಿದು, "ಇದನ್ನ ಐಸ್ ಮಾಡಿದ್ರಾ?" ಅಂತ ಕೇಳಿದರು.

ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ ಆಶಕ್ಕ. ವಾರ್ಡಿನಲ್ಲಿ ನೀವು ಎಲ್ಲ ತಾಯಂದಿರನ್ನೂ ಕೇಳುತ್ತ ಬಂದಾಗ ಪಕ್ಕದವಳು ಇದೆ ಅಂದಳು, ನಾನೂ ಇದೆ ಅಂದೆ. ಡಿಗ್ರಿ ಓದಿದವಳು ಇಲ್ಲ ಅನ್ನುವುದು ಹೇಗೆ? ಔಷಧಿ ಇದ್ದದ್ದು ಪಿಳ್ಳಮ್ಮನ ಫ್ರಿಜ್ಜಿನಲ್ಲಿ, ಅತ್ತೆಯ ಔಷಧಿ ಎಂಬ ಹೆಸರಿನಲ್ಲಿ.

ಅತ್ತೆ ಆಸ್ಪತ್ರೆಯಿಂದ ಬಟ್ಟೆ ತರಲು ಬಂದಾಗ ಮೆಟ್ಟಿಲ ಮೇಲೆ ಪಿಳ್ಳಮ್ಮ ಸಿಕ್ಕಿದ್ದಾರೆ. ಅಲ್ಲೇ ಕೇಳಿದ್ದಾರೆ. ಪಿಳ್ಳಮ್ಮ ಹೆಮ್ಮೆಯಿಂದಲೇ ಹೇಳಿದರಂತೆ: "ನೀವು ಊರ್ಗೋದಾಗ ಕರೆಂಟು ಬರೋದು ಓಗೋದು ಮಾಡ್ತಿತ್ತು. ಕೆಟ್ಟೋಗ್ತದೆ ಅಂತ ಮೇಲಿನ್ ಖಾನೆಗೆ, ಐಸ್ ಆಗೋ ಕಡೆ ಇಟ್ಟಿದ್ದೆ. ನೀವು ಬರೋ ದಿನ ಕೆಳಗಿಟ್ಟೆ. ವಯಸ್ಸಾದೋರ್ ಔಸ್ದಿ, ಜೋಪಾನ ಮಾಡ್ಬೇಕಲ್ವಾ?"

"ಅದು ನಂದಲ್ಲ ಪಿಳ್ಳಮ್ಮಾ. ನಮ್ಮ ಕೂಸಿಂದು" ಅಂದರಂತೆ ಅತ್ತೆ.

ಪಿಳ್ಳಮ್ಮ ಅತ್ತೆಯ ಕೈ ಹಿಡಿದುಕೊಂಡರಂತೆ. "ಅಯ್ಯೋ ಸಿವನೇ! ದಿನಾ ಬಿಸ್ಕತ್ ಕೊಡ್ತಿದ್ನಲ್ಲಾ. ಆ ಮಗು ತಗೊಂಡೋಗಿ ಗೇಟ್ ತಾವ ನಾಯಿಗಾಕೋದು. ಏನ್ ಕೊಬ್ಬು ಇದಕ್ಕೆ, ಅನ್ನದ ಬೆಲೆ ಗೊತ್ತಿಲ್ಲ ಅಂತ ನಾನು ಮನಸ್ಸಲ್ಲೇ ಬೈಕೊಂಡಿದ್ದೀನಿ."

ನಾಯಿಗೆ ಹಾಕುತ್ತಿದ್ದಳು ಆಶಕ್ಕ. ಕೊಟ್ಟದ್ದನ್ನೂ ತಿನ್ನಲಿಲ್ಲ. ಮನೆಗೆ ಬಂದು ಅವಳ ಆಟದ ಡಬ್ಬಿ ತೆಗೆದು ನೋಡಿದೆ. ಗೊಂಬೆ ನೇರಳೆ ಸೀರೆ ಉಟ್ಟು ಮಲಗಿತ್ತು. ಸೆರಗು ಬಂಗಾರದ್ದು.

ತಪ್ಪು ನನ್ನದು, ನನಗೆ ಗೊತ್ತು. ಆದರೂ ಕೇಳುತ್ತೇನೆ. ವಾರ್ಡಿನಲ್ಲಿ ನೀವು ಯಾವ ಮಗುವಿಗೂ ಕಳ್ಳಿ ಅಂದವರಲ್ಲ. ಮೊದಲು ಬಾಟಲಿ ನೋಡುತ್ತಿದ್ದಿರಿ, ಸೂಜಿ ನೋಡುತ್ತಿದ್ದಿರಿ, ಚುಚ್ಚಿದ ಜಾಗ ಮುಟ್ಟಿ ನೋಡುತ್ತಿದ್ದಿರಿ. ಈ ಸಲ ಯಾಕೆ ಮೊದಲು ಮಗುವನ್ನು ನೋಡಿದಿರಿ?

ಹೊಸ ಔಷಧಿ ಕೊಟ್ಟಿದ್ದಾರೆ. ಬೆಳಿಗ್ಗೆ ಕಮ್ಮಿ ಬರುತ್ತದೆ, ಸಂಜೆ ಜಾಸ್ತಿ. ಡೋಸ್ ಎಷ್ಟು ಮಾಡಲಿ, ಬರೆಯಿರಿ. ಸಿಟ್ಟಿದ್ದರೂ ನಿಮ್ಮನ್ನು ಬಿಟ್ಟರೆ ಯಾರನ್ನು ಕೇಳಲಿ.

ಗಂಗಾ


ಲಿಮರಿಕ್
ಆಗಸ್ಟ್ 18, 2024

ಗಂಗಾ,

ನಿನ್ನ ಪ್ರಶ್ನೆಗೆ ಉತ್ತರ ಇದೆ, ಕೇಳಲು ಚೆನ್ನಾಗಿಲ್ಲ.

ನಾನು ಇಲ್ಲಿ ನರ್ಸ್ ಅಲ್ಲ. ಇಲ್ಲಿಯ ನೋಂದಣಿ ಪರೀಕ್ಷೆ ಮೊದಲ ಸಲ ಪಾಸಾಗಲಿಲ್ಲ. ಅದಾಗುವವರೆಗೆ ವೃದ್ಧರ ಒಂದು ಆರೈಕೆ ಮನೆಯಲ್ಲಿ ಸಹಾಯಕಿ. ಸ್ನಾನ ಮಾಡಿಸುತ್ತೇನೆ, ಊಟ ಮಾಡಿಸುತ್ತೇನೆ, ಒದ್ದೆಯಾದರೆ ಬಟ್ಟೆ ಬದಲಿಸುತ್ತೇನೆ. ಸಿರಿಂಜ್ ಮುಟ್ಟುವ ಹಾಗಿಲ್ಲ. ಒಬ್ಬ ಅಜ್ಜನಿಗೆ ಸಕ್ಕರೆ ಕಾಯಿಲೆ. ಕೈ ನಡುಗುವುದು ಕಂಡರೆ ನಾನು ಹೋಗಿ ಇನ್ನೊಬ್ಬರನ್ನು ಕರೆಯಬೇಕು. ಅಷ್ಟು ವರ್ಷ ನಾನೇ ಮಾಡಿದ ಕೆಲಸವನ್ನು ಬಾಗಿಲ ಬಳಿ ನಿಂತು ನೋಡುತ್ತೇನೆ. ಊರಿನಲ್ಲಿ ಅಮ್ಮನಿಗೂ ಇದು ಗೊತ್ತಿಲ್ಲ.

ನಿನ್ನ ಪತ್ರ ಬಂದಾಗ ಮಾತ್ರ ನಾನು ಮತ್ತೆ ಸಿಸ್ಟರ್ ಆಶಾರಾಣಿ ಆಗುತ್ತಿದ್ದೆ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿಲ್ಲ ಅನ್ನಲು ಇಷ್ಟವಾಗುತ್ತಿರಲಿಲ್ಲ. ಕಾಣದ ಮಗುವಿಗೆ ಡೋಸ್ ಏರಿಸು ಅಂದೆ. ಬಾಟಲಿ ಕೈಯಲ್ಲಿ ಹಿಡಿದಿದ್ದರೆ ಒಂದು ಕ್ಷಣದಲ್ಲಿ ಕಾಣುತ್ತಿತ್ತು. ಕೈಯಲ್ಲಿರಲಿಲ್ಲ. ಅದನ್ನು ಒಪ್ಪಿಕೊಂಡು, ಬೇರೆ ಯಾವ ಡಾಕ್ಟರಾದರೂ ಸರಿ, ತೋರಿಸು ಅನ್ನಬೇಕಿತ್ತು.

ಹಾಗಾಗಿ ಇನ್ನು ಡೋಸ್ ನನ್ನನ್ನು ಕೇಳಬೇಡ. ಕೇಳಿದರೂ ಬರೆಯುವುದಿಲ್ಲ. ವಾರ್ಡಿಗೆ ಮತ್ತೆ ಫೋನ್ ಮಾಡಿದೆ. ನನ್ನ ಜಾಗಕ್ಕೆ ಮುತ್ತು ಅಂತ ಒಬ್ಬ ಬಂದಿದ್ದಾನೆ, ಹೊಸೂರು ಕಡೆಯವನು. ಅವತ್ತು ಮಾಹಿತಿ ಕೊಡಲ್ಲ ಅಂದವನೇ ಅವನು, ಸರಿಯಾಗಿಯೇ ಹೇಳಿದ್ದ. ಗುರುವಾರ ಭುವಿಯನ್ನು ಅವನ ಮುಂದೆ ಕೂರಿಸು. ಬಾಟಲಿ ಒಯ್ಯಿ, ಸೂಜಿ ಒಯ್ಯಿ. ಫ್ರಿಜ್ಜಿಲ್ಲ ಅಂತ ಹೇಳು. ಮಣ್ಣಿನ ಮಡಕೆಯಲ್ಲಿ ತಂಪಾಗಿಡುವುದನ್ನು ಅವನು ತೋರಿಸಿಕೊಡಬಲ್ಲ.

ನೀನು ಇನ್ನು ಬರೆಯದೇ ಹೋದರೂ ನನಗೆ ಅರ್ಥವಾಗುತ್ತದೆ.

ಆಶಾ


ನಾಗಸಂದ್ರ
ಸೆಪ್ಟೆಂಬರ್ 22, 2024

ಆಶಕ್ಕ,

ಎಷ್ಟೋ ಸಲ ಬರೆಯಲು ಕೂತು ಎದ್ದೆ. ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ನೀವು ಬಾಗಿಲ ಬಳಿ ನಿಂತಿರುವುದು ಕಣ್ಣಿಗೆ ಕಟ್ಟುತ್ತದೆ.

ಗುರುವಾರಗಳಂದು ಮುತ್ತು ಹತ್ತಿರ ಹೋಗುತ್ತಿದ್ದೇವೆ. ಚಿಕ್ಕ ಹುಡುಗ, ಗಂಡಸು ಬೇರೆ, ಇವನಿಗೇನು ಗೊತ್ತು ಅಂದುಕೊಂಡಿದ್ದೆ. ನಾನು ಉತ್ತರ ಕೊಡಲು ಬಾಯಿ ತೆಗೆದರೆ, "ಅಕ್ಕಾ, ನೀವು ಸುಮ್ನಿರಿ. ಮೇಡಂ ಹೇಳ್ಲಿ" ಅಂತ ಭುವಿಯ ಕಡೆ ತಿರುಗುತ್ತಾನೆ. ಮೇಡಂ ನಗುತ್ತಾಳೆ. ಶಾಲೆಯಲ್ಲೂ ಹೇಳಿದೆವು. ಒಬ್ಬ ಹುಡುಗಿಯ ತಾಯಿ ತನ್ನ ಮಗಳನ್ನು ಭುವಿಯ ಪಕ್ಕ ಕೂರಿಸಬೇಡಿ ಅಂದರಂತೆ. ಟೀಚರ್ ಒಪ್ಪಲಿಲ್ಲ.

ಇದನ್ನು ನಿಮಗೆ ಬರೆಯಬೇಕು. ಬೇರೆ ಯಾರಿಗೂ ಹೇಳಿಲ್ಲ.

ನಿನ್ನೆ ಮಧ್ಯಾಹ್ನ ಟೆರೇಸಿನಲ್ಲಿ ಆಡಿ ಬಂದವಳು ಗೋಡೆ ಹಿಡಿದು ನಿಂತಳು. ಮೈಯೆಲ್ಲ ಬೆವರು, ತುಟಿ ಬಿಳಿ. ಚುಚ್ಚಿ ನೋಡಿದರೆ ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತು. ನೀವು ಕಲಿಸಿದಂತೆ ಸಕ್ಕರೆ ನೀರು ಕಲಸಿ ಬಾಯಿಗೆ ಹಿಡಿದೆ. ಅವಳು ಬಾಯಿ ಬಿಗಿಯಾಗಿ ಮುಚ್ಚಿದಳು.

"ಕುಡಿ ಭುವಿ. ಇದು ಔಷಧಿ."

ತಲೆಯಲ್ಲಾಡಿಸಿದಳು. ಹಲ್ಲು ಕಟಕಟ ಅನ್ನುತ್ತಿತ್ತು.

"ನಾನೇ ಕೊಡ್ತಿದ್ದೀನಲ್ಲ, ಕುಡಿಯವ್ವ."

"ಬ್ಯಾಡ. ಸಿಹಿ ಐತಿ. ನೀ ಹೊಡಿತಿ."

ಮೊದಲು ನಾನೇ ಒಂದು ಗುಟುಕು ಕುಡಿದು ತೋರಿಸಿದೆ. ನನ್ನ ಕೈಯನ್ನೇ ನೋಡುತ್ತಿದ್ದಳು ಆಶಕ್ಕ, ಲೋಟವನ್ನಲ್ಲ. ಕೈ ಎತ್ತಿದಾಗೆಲ್ಲ ಕತ್ತು ಒಳಗೆಳೆದುಕೊಂಡಳು. ಅತ್ತೆ ಅಳಲು ಶುರುಮಾಡಿದರು. "ಪಿಳ್ಳಮ್ಮಾ!" ಅಂತ ಕೆಳಕ್ಕೆ ಕೂಗಿದರು.

ಪಿಳ್ಳಮ್ಮ ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಓಡಿ ಬಂದರು. ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ನನ್ನದು. ಅವಳ ಪಕ್ಕ ನೆಲದ ಮೇಲೆ ಕೂತರು.

"ನಿಮ್ಮವ್ವನ್ನ ಆಚೆ ಕಳಿಸ್ಲಾ ಪುಟ್ಟಿ? ಆಗ ಕುಡೀತೀಯಾ?"

ಅವಳು ಹೂಂ ಅಂದಳು.

"ಓಗಮ್ಮಿ ಗಂಗಾ, ಆಚೆ ಓಗು. ಬಾಗ್ಲು ಮುಂದಕ್ಕಾಕ್ಕೊಂಡೋಗು."

ಲೋಟ ಪಿಳ್ಳಮ್ಮನ ಕೈಗಿಟ್ಟು ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ. ಒಳಗೆ ಲೋಟ ಹಲ್ಲಿಗೆ ತಾಗಿದ ಸದ್ದು ಕೇಳಿಸಿತು, ಆಮೇಲೆ ನುಂಗಿದ ಸದ್ದು. "ಅಂಗೇ, ಅಂಗೇ, ಇನ್ನೊಂದ್ ಗುಟುಕು" ಅನ್ನುತ್ತಿದ್ದರು ಪಿಳ್ಳಮ್ಮ. ನಾನು ಬಾಗಿಲ ಹೊರಗೆ, ನನ್ನ ಉಸಿರು ಅವಳಿಗೆ ಕೇಳಿಸಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು, ಅವಳು ಕುಡಿದು ಮುಗಿಸುವವರೆಗೂ ನಿಂತಿದ್ದೆ.

ಗಂಗಾ